ಮರಳುಗುಡ್ಡದಲ್ಲಿ ಮಾಡಿದ ಸರ್ಪಸಂಸ್ಕಾರ

ತುಪ್ಪ ಬೆಂಕಿಗೆ ಬಿದ್ದಾಗ ಏಳುವ ವಾಸನೆ ನನಗೆ ಆಗಿಬರುವುದಿಲ್ಲ. ಇಲ್ಲಿ ಅಮೆರಿಕದಲ್ಲಿ, ನಮ್ಮ ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಹೋಮ ಶುರುವಾಯಿತೆಂದರೆ ಚಪ್ಪಲಿ ಮೆಟ್ಟಿಕೊಂಡು ಪಾರ್ಕಿಂಗ್ ಲಾಟಿಗೆ ಬಂದು ನಿಂತುಬಿಡುತ್ತೇನೆ. ನನ್ನ ಹೆಂಡತಿ ಸವಿತಾ ನರ್ಸು. "ಇವರಿಗೆ ಹೊಗೆ ಅಲರ್ಜಿ" ಅಂತ ತಾನೇ ಒಂದು ಕಾರಣ ಹುಡುಕಿ ಎಲ್ಲರಿಗೂ ಹೇಳಿಟ್ಟಿದ್ದಾಳೆ. ನಾನು ಇಲ್ಲ ಅನ್ನಲು ಹೋಗಿಲ್ಲ. ಹದಿಮೂರು ವರ್ಷಕ್ಕೆ ಸ್ಕೂಲು ಬಿಟ್ಟು ದೊಡ್ಡಬಳ್ಳಾಪುರದ ಕಲ್ಲು ಕ್ರಷರ್‌ನಲ್ಲಿ ಡೀಸೆಲ್ ಹೊಗೆ ಕುಡಿದು ಬೆಳೆದವನಿಗೆ ಹೋಮದ ಹೊಗೆ ಏನು ಮಾಡೀತು?

ವಾಸನೆಗೆ ಕಾರಣ 2022ರ ಬೇಸಿಗೆ. ಆ ವರ್ಷ ಜೂನ್‌ನಿಂದ ಅಕ್ಟೋಬರ್‌ವರೆಗೆ ನಾನು ನಾರ್ತ್ ಕ್ಯಾರೊಲೈನಾದ ಮರಳುಗುಡ್ಡದ ಸೀಮೆಯಲ್ಲಿದ್ದೆ.

ನನ್ನ ಕೆಲಸ ಮಣ್ಣು ಅಗೆಯುವುದು. ಊರಲ್ಲಿ ಇಟಾಚಿ ಅಂತೀವಲ್ಲ, ಆ ಮಿಷನ್. ಕ್ಲೀನರ್ ಆಗಿ ಹತ್ತಿ ಹದಿನೇಳಕ್ಕೆ ಆಪರೇಟರ್ ಆದೆ. ಸವಿತಾಳ ನರ್ಸಿಂಗ್ ಕೆಲಸದ ದೆಸೆಯಿಂದ ಅಮೆರಿಕಕ್ಕೆ ಬಂದ ಮೇಲೂ ಅದೇ ಲಿವರು, ಅದೇ ಬಕೆಟ್ಟು. ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ನನ್ನ ಬಕೆಟ್ಟಿನ ಹಲ್ಲಿನಿಂದ ಕೊಳವೆ ಒಡೆದದ್ದಾಗಲಿ, ಕರೆಂಟ್ ವೈರು ಹರಿದದ್ದಾಗಲಿ ಇಲ್ಲ. ಮೊಟ್ಟೆಯ ಪಕ್ಕದ ಮಣ್ಣು ತೆಗೆ ಅಂದರೆ ಮೊಟ್ಟೆ ಅಲ್ಲಾಡದ ಹಾಗೆ ತೆಗೆಯುತ್ತೇನೆ. ಇದು ಜಂಬದ ಮಾತಲ್ಲ, ಬೇಕಾದರೆ ನನ್ನ ಜೊತೆ ಕೆಲಸ ಮಾಡಿದವರನ್ನು ಕೇಳಿ.

ಆ ಕೆಲಸ ಕೊಟ್ಟವರು ಡಾಕ್ಟರ್ ಅಂಕಲ್. ದೇವಸ್ಥಾನದಲ್ಲಿ ಪರಿಚಯ. ಮೈಸೂರಿನವರು, ಇಲ್ಲಿಗೆ ಬಂದು ಐವತ್ತು ವರ್ಷದ ಹತ್ತಿರ. ಹೃದಯದ ಡಾಕ್ಟರಾಗಿ ರಿಟೈರ್ ಆಗಿ, ಮರಳುಗುಡ್ಡದ ಪೈನ್ ಕಾಡಿನ ನಡುವೆ ಹದಿನೈದು ಎಕರೆ ತೆಗೆದುಕೊಂಡಿದ್ದರು. ಮನೆಗೆ ಜಾಗ ಸಮ ಮಾಡಬೇಕು, ದಾರಿ ಹಾಕಬೇಕು, ಸೆಪ್ಟಿಕ್ ಗುಂಡಿ ತೆಗೆಯಬೇಕು. "ಗೋರಾಗಳಿಗೆ ಕೊಡಲ್ಲ ಮುನಿರಾಜು, ನೀನೇ ಬಾ. ಮಾತಾಡೋಕೆ ಕನ್ನಡದೋನು ಒಬ್ಬ ಸಿಕ್ಕ ಹಾಗೂ ಆಯ್ತು" ಅಂದರು.

ಸವಿತಾ ಆಗ ಐದು ತಿಂಗಳ ಗರ್ಭಿಣಿ. ಮೂವತ್ತೊಂಬತ್ತು ವಯಸ್ಸು. ಅದಕ್ಕೂ ಮುಂಚೆ ಎರಡು ಸಲ ಬಸಿರು ನಿಂತು ಕಳೆದುಹೋಗಿತ್ತು. ಒಂದು ನಾಲ್ಕನೇ ತಿಂಗಳಲ್ಲಿ, ಇನ್ನೊಂದು ಐದರಲ್ಲಿ. ನಾನು ಹೋಗುವುದಿಲ್ಲ ಅಂದೆ. "ನೀವಿಲ್ಲಿ ಕೂತು ನನ್ನ ಮುಖ ನೋಡ್ತಿದ್ರೆ ನಂಗೆ ಬಿಪಿ ಏರುತ್ತೆ ರೀ, ಹೋಗಿ ಕೆಲಸ ನೋಡಿ. ಅಮ್ಮ ಬಂದಿದ್ದಾರಲ್ಲ" ಅಂತ ಅವಳೇ ಕಳಿಸಿದಳು. ಹೊರಡುವಾಗ ಅತ್ತೆ ಒಂದೇ ಮಾತು ಹೇಳಿದರು: "ಹುಳ ಹುಪ್ಪಟೆ ಏನಾದ್ರೂ ಕಂಡ್ರೆ ದೂರ ಸರೀರಪ್ಪ. ಹೆಂಡ್ತಿ ಬಸುರಿ ಇದ್ದಾಗ ಗಂಡನ ಕೈಲಿ ಜೀವ ಹೋಗಬಾರ್ದು."

ಆ ಸೀಮೆ ಬೇರೆಯೇ ಥರ. ಸಮುದ್ರ ನೂರು ಮೈಲಿ ಆಚೆ ಇದ್ದರೂ ಕಾಲಡಿಗೆ ಬಿಳಿ ಮರಳು. ಮರಗಳು ದೂರದೂರ ನಿಂತಿರುತ್ತವೆ, ಸೂಜಿ ಎಲೆ ಮೊಳದುದ್ದ. ಕಾಂಡವೆಲ್ಲ ಕೆಳಗಡೆ ಸುಟ್ಟು ಕಪ್ಪಾಗಿರುತ್ತೆ. ಮೊದಲ ದಿನ ಅದನ್ನು ನೋಡಿ ಇಲ್ಲಿ ಕಾಳ್ಗಿಚ್ಚು ಬಿದ್ದಿತ್ತೇನೋ ಅಂದುಕೊಂಡೆ. ಪಕ್ಕದ ಜಮೀನಿನ ಲೋರೆಟ್ಟಾ ನಕ್ಕಳು. ಸ್ಕೂಲ್ ಬಸ್ ಓಡಿಸಿ ರಿಟೈರ್ ಆದ ಹೆಂಗಸು, ಅರವತ್ತು ದಾಟಿತ್ತು. "ನಾವೇ ಸುಡೋದು. ಚಳಿಗಾಲದಲ್ಲಿ, ಗಾಳಿ ನೋಡ್ಕೊಂಡು. ಸುಡದೇ ಇದ್ರೆ ಈ ಕಾಡು ಉಳಿಯಲ್ಲ" ಅಂತ ನನಗೆ ಅರ್ಥವಾಗುವಷ್ಟು ನಿಧಾನ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಮಿಷನ್ನನ್ನು ಟ್ರೇಲರಿನಿಂದ ಇಳಿಸಿದ್ದನ್ನು ನೋಡಿ ಹೆಬ್ಬೆರಳು ಎತ್ತಿದಳು. ಗಾಡಿ ಓಡಿಸಿದವರಿಗೇ ಗೊತ್ತಾಗುತ್ತೆ ಗಾಡಿ ಓಡಿಸುವವರ ಕೈ.

ಮೂರನೇ ದಿನ ಭೂಮಿಪೂಜೆ. ಡಾಕ್ಟರ್ ಅಂಕಲ್, ಆಂಟಿ ಇಬ್ಬರೇ ಬಂದಿದ್ದರು. ಭಟ್ಟರು ಫೋನಿನಲ್ಲಿ, ವಿಡಿಯೋದಲ್ಲಿ. ಬೆಳಿಗ್ಗೆ ಹತ್ತು ಗಂಟೆಗೇ ಮರಳು ಕಾದು ಬರಿಗಾಲು ಇಡಲಾಗುತ್ತಿರಲಿಲ್ಲ. ಗಾಳಿಯೂ ಇಲ್ಲ, ಹಕ್ಕಿಯ ಸದ್ದೂ ಇಲ್ಲ. ಪೂಜೆ ಮುಗಿದು, ಮಿಷನ್ನಿಗೆ ಕುಂಕುಮ ಇಟ್ಟು, ಚಕ್ರದ ಪಟ್ಟಿ ಕೆಳಗೆ ನಿಂಬೆಹಣ್ಣು ಇಟ್ಟು, "ಮನೆ ಜಾಗದ ಮೊದಲ ಬಕೆಟ್ ತೆಗೀಪ್ಪ" ಅಂದರು ಆಂಟಿ.

ತೆಗೆದೆ. ಮರಳು ಜಾರಿತು. ಜಾರಿದ ಮರಳಿನ ಜೊತೆ ಒಂದು ಹಾವು ಹೊರಬಂತು.

ಒಂದೂವರೆ ಅಡಿ ಇದ್ದೀತು. ಮರಳಿನ ಬಣ್ಣ, ಬೆನ್ನ ಮೇಲೆ ಕಂದು ಮಚ್ಚೆ, ಮೈ ಗಿಡ್ಡ, ದಪ್ಪ. ನಾನು ಮಿಷನ್ ನಿಲ್ಲಿಸಿದೆ. ಅದು ಓಡಲಿಲ್ಲ. ತಲೆ ಎತ್ತಿ, ಕುತ್ತಿಗೆ ಅಗಲ ಮಾಡಿ, ಬುಸ್ ಅಂತ ಊದಿತು. ಮಿಷನ್ ಮೇಲಿದ್ದವನಿಗೂ ಆ ಸದ್ದು ಕೇಳಿತು.

"ನಾಗಪ್ಪ!" ಅಂದರು ಆಂಟಿ. ಎರಡೂ ಕೈ ಎದೆಗೆ ಬಂದವು.

"ಈ ಕಂಟ್ರೀಲಿ ಕೋಬ್ರಾ ಇಲ್ಲ ಕಣೇ" ಅಂದರು ಅಂಕಲ್.

"ಹೆಡೆ ಕಾಣ್ತಿಲ್ವಾ ನಿಮಗೆ? ಹೆಡೆ ಬಿಚ್ಚಿದ ಮೇಲೆ ನಾಗಪ್ಪನೇ. ಪಾಸ್‌ಪೋರ್ಟ್ ತೋರಿಸ್ಬೇಕಾ?"

ನಾನು ಕೆಳಗಿಳಿದೆ. ಎರಡು ಹೆಜ್ಜೆ ಹತ್ತಿರ ಹೋಗಿದ್ದೆ ಅಷ್ಟೆ. ಹಾವು ಒಮ್ಮೆಗೇ ಸೆಟೆದು, ಹೊರಳಾಡಿ, ಮೈ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿತು. ಆಮೇಲೆ ಹೊಟ್ಟೆ ಮೇಲೆ ಮಾಡಿ ಬಿತ್ತು. ಬಾಯಿ ಅಗಲ ತೆರೆದಿತ್ತು, ನಾಲಿಗೆ ಹೊರಗೆ ಬಿದ್ದು ಮರಳಿಗೆ ಅಂಟಿತ್ತು. ಕೊಳೆತ ಮಾಂಸದಂಥ ವಾಸನೆ ಬಂತು. ನೋಡನೋಡುತ್ತಾ ಹೋಗಿಯೇಬಿಟ್ಟಿತು ಅನ್ನುವ ಹಾಗೆ.

"ಅಯ್ಯೋ ಮುನಿರಾಜು, ಏನು ಮಾಡ್ಬಿಟ್ಟೆಯೋ!"

"ನಾನು ಮುಟ್ಟಿಲ್ಲ ಆಂಟಿ. ಬಕೆಟ್ಟು ಎರಡಡಿ ಆಚೆ ಇತ್ತು."

ಡಾಕ್ಟರ್ ಅಂಕಲ್ ಮಂಡಿಯೂರಿ ಕೂತು ಕಡ್ಡಿಯಿಂದ ಹೊಟ್ಟೆ ಒತ್ತಿದರು. ಆಮೇಲೆ ಧೈರ್ಯ ಮಾಡಿ ಎರಡು ಬೆರಳು ಕುತ್ತಿಗೆ ಕೆಳಗೆ ಇಟ್ಟು ಕಣ್ಣು ಮುಚ್ಚಿದರು, ಪೇಷೆಂಟಿಗೆ ಮಾಡುವ ಹಾಗೇ. ಎದ್ದು ಕೈ ಒರೆಸಿಕೊಂಡು, "ಹೋಗಿದೆ. ಇಂಟರ್ನಲ್ ಇಂಜುರಿ. ಮಣ್ಣಿನ ಭಾರ ಬಿದ್ದಿರ್ಬೇಕು" ಅಂದರು.

"ಮಣ್ಣು ಬಿದ್ದಿಲ್ಲ ಅಂಕಲ್. ಹಾವಿದ್ದ ಮಣ್ಣು ಜಾರಿದ್ದು. ನಾನು ಮೇಲೇ ಕೂತು ನೋಡ್ತಿದ್ದೆ."

"ಹಾಗಾದ್ರೆ ತಾನಾಗೇ ಸತ್ತು ಹೋಯ್ತಾ? ಸುಮ್ನಿರಪ್ಪ. ನಲವತ್ತು ವರ್ಷ ಇದನ್ನೇ ನೋಡಿದೀನಿ. ನಿಂಗೇನು ಗೊತ್ತು?"

ಆ ಮಾತು ನನಗೆ ಚುಚ್ಚಿತು. ಮೂವತ್ತು ವರ್ಷದ ಕೆಲಸದಲ್ಲಿ ಯಾರೂ ನನ್ನ ಬಕೆಟ್ಟಿನ ಬಗ್ಗೆ ಆ ಥರ ಮಾತಾಡಿರಲಿಲ್ಲ.

ಅಷ್ಟರಲ್ಲಿ ಆಂಟಿ ಸವಿತಾಗೆ ಫೋನ್ ಮಾಡಿಬಿಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೇ, ಹೆದರಿ. ಫೋನು ನನ್ನ ಕೈಗೆ ಬಂದಾಗ ಆ ಕಡೆ ಅಳು.

"ರೀ, ಐದು ತಿಂಗಳು ಅಂತ ಗೊತ್ತಿದ್ದೂ..."

"ಮುಟ್ಟಿಲ್ಲ ಕಣೇ ನಾನು."

"ಮುಟ್ಟದೇ ಸಾಯುತ್ತಾ? ಡಾಕ್ಟರೇ ಹೇಳ್ತಿದಾರಲ್ಲ!"

ಭಟ್ಟರು ವಿಡಿಯೋದಲ್ಲಿ ಇನ್ನೂ ಇದ್ದರು. ಭೂಮಿಪೂಜೆ ದಿನ, ಆ ಜಾಗದಲ್ಲೇ, ಗರ್ಭಿಣಿಯ ಗಂಡನಿಂದ ಸರ್ಪಹತ್ಯೆ, ಇದು ಬಿಡುವಂಥದ್ದಲ್ಲ ಅಂದರು. ಈಗಲೇ, ಮೈ ಆರುವ ಮೊದಲೇ ಸಂಸ್ಕಾರ ಆಗಬೇಕು. ಕೊಂದವನೇ ಕರ್ತೃ. ಪೂಜೆ ಸಾಮಾನೆಲ್ಲ ಅಲ್ಲೇ ಇತ್ತು. ತುಪ್ಪ, ಕರ್ಪೂರ, ಹಾಲು, ಕಲಶದ ಮೇಲೆ ಹೊದಿಸಿದ್ದ ಹೊಸ ಬಿಳಿ ಪಂಚೆ. ಕಟ್ಟಿಗೆಗೆ ಎಲ್ಲಿಗೂ ಹೋಗಬೇಕಿರಲಿಲ್ಲ. ಹಿಂದಿನ ಎರಡು ದಿನ ಗಾಡಿ ಬರಲು ಜಾಗ ಮಾಡುವಾಗ ನಾನೇ ಬಗೆದು ಹಾಕಿದ್ದ ಹಳೆ ಪೈನ್ ಬೊಡ್ಡೆಗಳು, ಅಂಟು ತುಂಬಿ ಕೆಂಪಗಾದವು, ರಾಶಿ ಬಿದ್ದಿದ್ದವು.

ಅಂಕಲ್ ಫೋನ್ ಹಿಡಿದರು, ಆಂಟಿ ತುಪ್ಪ ಹಿಡಿದರು. ನಾನು ಹಾವನ್ನು ಎರಡೂ ಕೈಯಲ್ಲಿ ಎತ್ತಿದೆ. ಒದ್ದೆ ಹಗ್ಗದ ಹಾಗೆ ಜೋತುಬಿತ್ತು. ಬೋರಲು ಮಲಗಿಸಿ ಅಂದರು ಭಟ್ಟರು. ಪಂಚೆ ಮೇಲೆ ಬೋರಲು ಮಲಗಿಸಿದೆ.

ಹಾವು ಹೊರಳಿ ಹೊಟ್ಟೆ ಮೇಲೆ ಮಾಡಿತು.

"ಅಂಕಲ್, ಮಗುಚಿಕೊಳ್ತು" ಅಂದೆ.

"ರಿಫ್ಲೆಕ್ಸ್. ನರ್ವ್ಸ್ ಸಾಯೋಕೆ ಟೈಮ್ ಹಿಡಿಯುತ್ತೆ. ಸತ್ತ ಹಾವು ಗಂಟೆಗಟ್ಲೆ ಅಲ್ಲಾಡುತ್ತೆ."

ಅದೂ ನಿಜವೇ. ತಲೆ ಜಜ್ಜಿದ ಹಾವಿನ ಬಾಲ ಸಂಜೆವರೆಗೆ ಕುಣಿದದ್ದನ್ನು ನಾನೂ ನೋಡಿದ್ದೇನೆ. ಮತ್ತೆ ಬೋರಲು ಮಾಡಿದೆ. ಮತ್ತೆ ಹೊರಳಿತು. ಮೂರನೇ ಸಲವೂ ಅಷ್ಟೆ. ಬಾಲ ಕುಣಿಯುವುದು ಬೇರೆ, ಇದು ಬೇರೆ. ಇದು ಹಠ ಹಿಡಿದು ಮಲಗಿದ್ದ ಹಾಗಿತ್ತು. ನನ್ನ ಬೆರಳಿಗೆ ಅದರ ಬೆನ್ನಿನ ಬಿಗಿ ತಾಗಿತ್ತು, ಹೊರಳುವಾಗ ಮಾತ್ರ ಬರುವ ಬಿಗಿ. ಅಂಕಲ್ ಬೆರಳಿಟ್ಟು ನೋಡಿದಾಗ ಸಿಗದ್ದು ನನ್ನ ಕೈಗೆ ಸಿಕ್ಕಿತ್ತು.

ಹೇಳಬೇಕಿತ್ತು. ಇನ್ನೊಂದು ಸಲ ಬಾಯಿಬಿಟ್ಟಿದ್ದರೆ ಏನಾಗುತ್ತಿತ್ತು? ಇನ್ನೊಂದು ಸಲ "ನಿಂಗೇನು ಗೊತ್ತು" ಅನ್ನಿಸಿಕೊಳ್ಳಬೇಕಿತ್ತು, ಅಷ್ಟೆ. ನಾನು ಹೇಳಲಿಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿ ಓಡಿದ್ದು ಇಷ್ಟು: ಬೆಂಕಿ ಹತ್ತಿದ ತಕ್ಷಣ ಇದು ಎದ್ದು ಓಡುತ್ತೆ. ಓಡಲಿ. ಆಗ ಇವರ ಮುಖ ನೋಡಬೇಕು ನಾನು.

ಬಾಯಿಗೆ ಹಾಲು, ತುಪ್ಪ ಬಿಟ್ಟೆ. ತಾಮ್ರದ ಕಾಸು ಬೇಕು ಅಂದರು ಭಟ್ಟರು, ಇಲ್ಲಿನ ಒಂದು ಸೆಂಟು ಜೇಬಿನಿಂದ ತೆಗೆದೆ. ಪಂಚೆ ಸುತ್ತಿ ಅಂದರು, ಸುತ್ತಿದೆ. ಜಾರಬಾರದು ಅಂತ ದಾರದಲ್ಲಿ ಮೂರು ಕಡೆ ಕಟ್ಟಿ ಅಂದರು, ಕಟ್ಟಿದೆ. ನನ್ನ ಗಂಟು ಬಿಚ್ಚಿಕೊಳ್ಳುವ ಗಂಟಲ್ಲ. ಕಟ್ಟುವಾಗ ಕಟ್ಟುತ್ತಿದ್ದೇನೆ ಅನ್ನುವುದು ನನ್ನ ಕೈಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ. ತಲೆ ಇನ್ನೂ ಡಾಕ್ಟರ್ ಅಂಕಲ್ ಜೊತೆ ವಾದ ಮಾಡುತ್ತಿತ್ತು.

ಅದನ್ನು ಕಟ್ಟಿಗೆ ಮೇಲಿಟ್ಟು, ಬಟ್ಟೆಯ ಮೇಲೆ ಕಾಸಿಟ್ಟು, ಕರ್ಪೂರ ಹಚ್ಚಿದೆ. ಅಂಟು ಕಟ್ಟಿಗೆ ಒಂದೇ ಉಸಿರಿಗೆ ಧಗ್ ಅಂತ ಹತ್ತಿಕೊಂಡಿತು. ಆಂಟಿ ತುಪ್ಪ ಹೊಯ್ದರು.

ಬಟ್ಟೆ ಅಲ್ಲಾಡಿತು.

"ಬಿಸಿಗೆ ಮಸಲ್ಸ್ ಕಾಂಟ್ರಾಕ್ಟ್ ಆಗುತ್ತೆ" ಅಂದರು ಅಂಕಲ್ ಮೆಲ್ಲಗೆ.

ಬಟ್ಟೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲ್ಲಾಡಿತು. ಒಳಗಿರುವುದು ದಾರಿ ಹುಡುಕುವಾಗ ಅಲ್ಲಾಡುವ ಹಾಗೆ. ನಾನು ಕೈ ಹಾಕಿದೆ. ಸಿಕ್ಕಿತು, ಜಾರಿತು, ಉರಿಯೊಳಕ್ಕೇ ಬಿತ್ತು. ಆಂಟಿ ಕೂಗಿಕೊಂಡು ನನ್ನ ಭುಜ ಹಿಡಿದು ಎಳೆದರು. "ಬಿಡಪ್ಪ, ಕಾಸು ತಾನೇ, ಬಿದ್ರೆ ಬೀಳ್ಲಿ!" ಜಾರಿದ ಕಾಸು ಎತ್ತಲು ಹೋದೆ ಅಂದುಕೊಂಡಿದ್ದರು ಅವರು. ನಾನು ಕೂತುಬಿಟ್ಟೆ. ಮತ್ತೆ ಅದು ಅಲ್ಲಾಡಲಿಲ್ಲ.

ಆಂಟಿಯೇ ಸವಿತಾಗೆ ಫೋನ್ ಮಾಡಿದರು. "ಎಲ್ಲ ಶಾಸ್ತ್ರೋಕ್ತವಾಗಿ ಆಯ್ತಮ್ಮ. ನಿನ್ನ ಗಂಡ ಕೈ ಸುಟ್ಕೊಂಡು ಶ್ರದ್ಧೆಯಿಂದ ಮಾಡಿದಾನೆ. ಇನ್ನು ನಿಂಗೆ ಯಾವ ಭಯಾನೂ ಬೇಡ." ಆ ದಿನದ ಮೇಲೆ ಸವಿತಾಳ ದನಿ ಹಗುರಾಯಿತು. ಬಿಪಿ ಇಳಿದಿದೆ ಅಂತ ವಾರವಾರ ಹೇಳುತ್ತಿದ್ದಳು.

ಮಾರನೇ ದಿನ ಲೋರೆಟ್ಟಾ ಬೇಲಿ ಹತ್ತಿರ ಬಂದಳು. ಹೊಗೆ ನೋಡಿದ್ದಳಂತೆ, ಏನು ಸುಟ್ಟಿರಿ ಅಂತ ಕೇಳಿದಳು. ಕಸ ಅಂದೆ. ಆಮೇಲೆ ತಡೆಯಲಾಗದೆ, ಒಂದು ಹಾವು ನೋಡಿದೆ, ಹೀಗೆ ಕುತ್ತಿಗೆ ಅಗಲಿಸಿತು ಅಂತ ಅಂಗೈ ಅಗಲಿಸಿ ತೋರಿಸಿದೆ. ಅವಳ ಮುಖವೇ ಬದಲಾಯಿತು. ಫೋನಿನಲ್ಲಿ ಚಿತ್ರ ತೆಗೆದು ಕೊಟ್ಟಳು. ಅದೇ. ಮೇಲಕ್ಕೆ ತಿರುಗಿದ ಮೂತಿ, ಹಂದಿಮರಿಗಿರುವ ಹಾಗೆ.

ಅವಳು ಹೇಳಿದ್ದೆಲ್ಲ ನನಗೆ ಒಂದೊಂದು ಮಾತೂ ನೆನಪಿದೆ. ಆ ಮೂತಿಯಿಂದಲೇ ಅದು ಮರಳು ಬಗೆಯುತ್ತೆ, ಮರಳಿನೊಳಗೆ ಹುದುಗಿದ ಕಪ್ಪೆ ತೆಗೆದು ತಿನ್ನುತ್ತೆ. ಕಪ್ಪೆಗೆ ಬಿಟ್ಟರೆ ಯಾರಿಗೂ ಅದರಿಂದ ತೊಂದರೆಯಿಲ್ಲ, ಬಾಯಿಯೊಳಗೆ ಬೆರಳಿಟ್ಟರೂ ಕಚ್ಚುವುದಿಲ್ಲ. ಹೆದರಿಸಿದರೆ ಊದಿಕೊಂಡು ಬುಸುಗುಡುತ್ತೆ. ಅದಕ್ಕೂ ಬಗ್ಗದಿದ್ದರೆ ಸತ್ತ ಹಾಗೆ ನಟಿಸುತ್ತೆ. "ಎಷ್ಟು ಪೆದ್ದು ಗೊತ್ತಾ ಅದು? ನೀನು ನೆಟ್ಟಗೆ ಮಲಗಿಸು, ಮತ್ತೆ ಮಗುಚಿಕೊಳ್ಳುತ್ತೆ! ಸತ್ತ ಹಾವು ಅಂಗಾತವೇ ಇರ್ಬೇಕು ಅಂತ ಅದರ ಲೆಕ್ಕ." ಹೇಳಿ ಹೊಟ್ಟೆ ಹಿಡಿದು ನಕ್ಕಳು. ನಾನೂ ನಗಬೇಕಾಯಿತು.

ಆಮೇಲೆ ನಗು ನಿಲ್ಲಿಸಿ ಹೇಳಿದಳು. ಈ ಕಾಡು ಕಡಿದು ಕಡಿದು ಮನೆಗಳಾದ ಮೇಲೆ ಅದು ಕಾಣುವುದೇ ಇಲ್ಲ. ದಕ್ಷಿಣದ ಒಂದೆರಡು ರಾಜ್ಯಗಳಲ್ಲಂತೂ ಇಲ್ಲವೇ ಇಲ್ಲ ಅನ್ನುತ್ತಾರೆ. ಇಲ್ಲಿ ಅಳಿದು ಹೋಗುವ ಜೀವಗಳ ಪಟ್ಟಿಯಲ್ಲಿದೆ. ಅವಳು ತನ್ನ ಜಮೀನನ್ನು ವರ್ಷವರ್ಷ ಸುಡುತ್ತಾ ಕಾಯುವುದೇ ಇಂಥವಕ್ಕೆ. ಕೊನೆಯ ಸಲ ನೋಡಿ ಏಳು ವರ್ಷವಾಗಿತ್ತು. "ದಪ್ಪಗಿತ್ತಾ?" ಅಂತ ಕೇಳಿದಳು. ದಪ್ಪಗಿತ್ತು ಅಂದೆ. "ಹಾಗಾದ್ರೆ ಹೆಣ್ಣು. ಈ ತಿಂಗಳು ಮರಳಲ್ಲಿ ಮೊಟ್ಟೆ ಇಡೋ ಕಾಲ. ಎಲ್ಲಿ ಹೋಯ್ತು?"

ನಾನು ಕಾಡಿನ ಕಡೆ ಕೈ ತೋರಿಸಿದೆ.

ಅಲ್ಲಿಂದ ಆ ಬೇಸಿಗೆ ಪೂರ್ತಿ ಅವಳು ಬೇಲಿ ಹತ್ತಿರ ಬಂದು ಅದೊಂದನ್ನೇ ಕೇಳುತ್ತಿದ್ದಳು. ಕಂಡಳಾ ಅವಳು? ಜುಲೈಯಲ್ಲಿ ಕೇಳಿದಳು. ಆಗಸ್ಟಿನಲ್ಲಿ ಗುಡುಗು ಮಳೆ ಹೊಡೆದು ಮರಳಿನಿಂದ ಕಪ್ಪೆಗಳು ಸಾವಿರಗಟ್ಟಲೆ ಎದ್ದು ಕೂಗಿದವು. ಈಗ ಬರ್ತಾಳೆ ನೋಡು, ಅವಳಿಗೆ ಊಟ ಎದ್ದಿದೆ ಅಂದಳು. ಸೆಪ್ಟೆಂಬರಿನಲ್ಲಿ, ಮರಿಗಳು ಮೊಟ್ಟೆಯೊಡೆದು ಬರುವ ಹೊತ್ತು, ಬಕೆಟ್ ಮೆಲ್ಲಗೆ ಹಾಕು ಅಂದಳು. ನಾನು ಮೆಲ್ಲಗೇ ಹಾಕಿದೆ. ಸೆಪ್ಟಿಕ್ ಗುಂಡಿಯ ಮರಳನ್ನು ಮೊದಲು ಸಲಿಕೆಯಿಂದ ಒಂದಡಿ ತೆಗೆದು, ಜರಡಿ ಹಿಡಿದು ನೋಡಿ, ಆಮೇಲೆ ಮಿಷನ್ ಇಳಿಸಿದೆ. ಒಂದು ಮೊಟ್ಟೆಯೂ ಸಿಗಲಿಲ್ಲ. ಇದ್ದ ಮೊಟ್ಟೆ ಎಲ್ಲಿದ್ದವು ಅಂತ ನನಗೆ ಗೊತ್ತಿತ್ತು.

ಫೋನು ಬಂದರೆ ಮಿಷನ್ ನಿಲ್ಲಿಸಿಬಿಡುತ್ತಿದ್ದೆ. ಸವಿತಾ ಬರೀ ತರಕಾರಿ ವಿಷಯ ಹೇಳಲು ಮಾಡಿದ್ದರೂ ಅವಳ ಮೊದಲ ಮಾತು ಬರುವವರೆಗೆ ಲಿವರಿಗೆ ಕೈ ಹಾಕುತ್ತಿರಲಿಲ್ಲ. ಕೈಯ ಗಾಯ ಮಾಗಿ ಚರ್ಮ ಬಿಗಿದು, ಎಡಗಡೆ ಲಿವರ್ ಹಿಡಿದಾಗಲೆಲ್ಲ ಎಳೆಯುತ್ತಿತ್ತು.

ಅಕ್ಟೋಬರಿನಲ್ಲಿ ಮಗಳು ಹುಟ್ಟಿದಳು. ಪೂರಾ ತಿಂಗಳು ತುಂಬಿ, ಗಟ್ಟಿಯಾಗಿ, ಕೂಗಿಕೊಂಡು. ಆಂಟಿ ಆಸ್ಪತ್ರೆಗೇ ಬಂದು, "ನೋಡ್ದ್ಯಾ, ಅವತ್ತು ಸಂಸ್ಕಾರ ಮಾಡಿದ್ದಕ್ಕೆ!" ಅಂದರು. ಅವರೇ ನಾಗಶ್ರೀ ಅಂತ ಹೆಸರಿಡಿಸಿದರು. ಸವಿತಾ ಕಣ್ಣೊರೆಸಿಕೊಂಡು ಒಪ್ಪಿದಳು. ನಾನು ಮಗಳನ್ನು ಆ ಹೆಸರಿನಿಂದ ಕರೆಯುವುದಿಲ್ಲ. ಪುಟ್ಟಿ ಅನ್ನುತ್ತೇನೆ.

ಈ ಮೂರು ವರ್ಷದಲ್ಲಿ ಪುಟ್ಟಿಗೆ ಜ್ವರ ಬಂದಾಗಲೆಲ್ಲ ನಾನು ಸವಿತಾಗೆ ಹೇಳಿಬಿಡಬೇಕು ಅಂದುಕೊಂಡಿದ್ದೇನೆ. ಜ್ವರ ಬಿಟ್ಟ ಮೇಲೆ ಹೇಳುವುದೇಕೆ ಅನ್ನಿಸಿದೆ. ದೇವರ ಶಾಪ, ದೋಷ ಇವನ್ನೆಲ್ಲ ಎಷ್ಟು ನಂಬುತ್ತೇನೋ ನನಗೇ ತಿಳಿಯದು. ಆದರೆ ಒಂದು ಬಸುರಿ ಜೀವವನ್ನು ಕಟ್ಟಿ ಸುಟ್ಟಿದ್ದು ನನ್ನ ಕೈ. ಆ ಕೈಯಲ್ಲೇ ಮಗಳಿಗೆ ಅನ್ನ ತಿನ್ನಿಸುತ್ತೇನೆ. ಅದರ ಪುಣ್ಯದಿಂದಲೇ ಮಗಳು ಉಳಿದಳು ಅಂತ ನನ್ನ ಹೆಂಡತಿ ನಂಬಿದ್ದಾಳೆ.

ಹೋದ ತಿಂಗಳು ಆಂಟಿ ಫೋನ್ ಮಾಡಿದರು. ಮನೆ ಮುಗಿದಿದೆ. ಅವತ್ತು ಸುಟ್ಟ ಜಾಗದಲ್ಲೇ ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತಿದ್ದೇವೆ, ಮಗು ಕೈಯಿಂದ ಹಾಲು ಎರೆಸಬೇಕು, ಬರಲೇಬೇಕು. ಸವಿತಾ ರಜಾ ಹಾಕಿಯೇಬಿಟ್ಟಳು. ಪುಟ್ಟಿಗೆ ಕೆಂಪು ಲಂಗ ಹೊಲಿಸಿದಳು.

ಲ್ಯಾನ್‌ಹ್ಯಾಮ್‌ನಿಂದ ಐದೂವರೆ ಗಂಟೆ ದಾರಿ. ಹಿಂದಿನ ಸೀಟಿನಲ್ಲಿ ಪುಟ್ಟಿ ಇಂಗ್ಲಿಷಿನಲ್ಲಿ ಪದ್ಯ ಹೇಳುತ್ತಾ ನಿದ್ದೆ ಹೋದಳು. ನಾನು ರಿಚ್‌ಮಂಡ್ ದಾಟಲಿ, ಹೇಳುತ್ತೇನೆ ಅಂದುಕೊಂಡೆ. ಆಮೇಲೆ ರಾಜ್ಯದ ಗಡಿ ದಾಟಲಿ ಅಂದುಕೊಂಡೆ. ಮರಳು ಶುರುವಾಯಿತು, ಕಪ್ಪು ಕಾಂಡಗಳು ಶುರುವಾದವು. ನಾನೇ ಹಾಕಿದ ದಾರಿ, ಎಲ್ಲೂ ಕುಸಿದಿರಲಿಲ್ಲ. ಗೇಟಿನ ಹತ್ತಿರ ಹದಿನೈದು ಇಪ್ಪತ್ತು ಕಾರು ನಿಂತಿದ್ದವು. ಮಾವಿನೆಲೆ ಸಿಗದೆ ಪೈನ್ ಎಲೆಯ ತೋರಣ ಕಟ್ಟಿದ್ದರು.

ನೆರೆಯವಳು ಅಂತ ಲೋರೆಟ್ಟಾಳನ್ನೂ ಕರೆದಿದ್ದರು. ಅವಳು ನನ್ನ ಕಾರು ಗುರುತು ಹಿಡಿದಳು. ಬೇಲಿ ಕಡೆಯಿಂದ ಕೈ ಎತ್ತಿ, ನಗುತ್ತಾ, ನಮ್ಮ ಕಡೆಗೇ ನಡೆದು ಬರತೊಡಗಿದಳು. ಅವಳು ಬಂದು ಮೊದಲು ಏನು ಕೇಳುತ್ತಾಳೆ ಅಂತ ನನಗೆ ಗೊತ್ತಿತ್ತು. ಸವಿತಾಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತೆ.

ಸವಿತಾ ಹಿಂದಕ್ಕೆ ಬಾಗಿ ಪುಟ್ಟಿಯ ಸೀಟ್ ಬೆಲ್ಟ್ ಬಿಚ್ಚುತ್ತಿದ್ದಳು. ನಾನು ಇಂಜಿನ್ ಆಫ್ ಮಾಡಿದೆ.

"ಸವಿತಾ, ಆ ಹಾವು ಸತ್ತಿರಲಿಲ್ಲ."

"ಯಾವ ಹಾವು?"

"ಅವತ್ತಿನದು. ಸತ್ತ ಹಾಗೆ ಮಲಗೋದು ಅದರ ಬುದ್ಧಿ. ಅಲ್ಲಿ ಬರ್ತಿದಾಳಲ್ಲ, ಆ ಹೆಂಗಸು ಆಮೇಲೆ ಹೇಳಿದ್ಲು. ನಾವು ಸುಟ್ಟಿದ್ದು ಜೀವ ಇದ್ದದ್ದನ್ನ. ಮೊಟ್ಟೆ ಇತ್ತು ಹೊಟ್ಟೇಲಿ."

ಅವಳು ಬೆಲ್ಟಿನ ಮೇಲೆ ಕೈ ಇಟ್ಟುಕೊಂಡೇ ನನ್ನನ್ನು ನೋಡಿದಳು. ಅಳಲಿಲ್ಲ. ಆಸ್ಪತ್ರೆಯಲ್ಲಿ ಪೇಷೆಂಟುಗಳನ್ನು ಕೇಳುವ ದನಿಯಲ್ಲಿ ಕೇಳಿದಳು.

"ನಿಮಗೆ ಯಾವಾಗ ಗೊತ್ತಾಯ್ತು? ಅವಳು ಹೇಳಿದ ಮೇಲಾ? ಅಥವಾ ಬೆಂಕಿ ಹಚ್ಚೋ ಮೊದಲೇ?"

ಲೋರೆಟ್ಟಾ ಕಾರಿನಿಂದ ಹತ್ತು ಹೆಜ್ಜೆ ದೂರದಲ್ಲಿದ್ದಳು. ಅವಳು ಹೇಳಿದ ಮೇಲೆ ಅಂದುಬಿಡಬಹುದಿತ್ತು. ಹೌದು ಇಲ್ಲ ಅನ್ನುವವರು ಬೇರೆ ಯಾರೂ ಇರಲಿಲ್ಲ.

"ಮೊದಲೇ" ಅಂದೆ.

ಸವಿತಾ ಮಗುವಿನ ಬೆಲ್ಟನ್ನು ಮತ್ತೆ ಹಾಕಿದಳು.